ನೆಟ್ ಎಲ್ಲಿ ನಿಂತಿತು? ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳ, ಮುಳ್ಳೇರಿಯ ಕಡೆಯ ಗೆಳೆಯರು, ನೆಂಟರು, ವಿದ್ಯಾರ್ಥಿಗಳ ತಂದೆ ತಾಯಂದಿರು ಮಾತಿನ ನಡುವೆಯೋ ಸಂದೇಶದಲ್ಲೋ ಕೇಳುತ್ತಾ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ಆಳದ್ದು ಕೊನೆಗೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು.

ರೂಟರ್, ಫೈಬರ್, ಐಪಿ ಅಡ್ರೆಸ್ ಎಂಬಂಥ ಶಬ್ದಗಳನ್ನೆಲ್ಲ ಯಾಕೆ ತಿಳಿಯಬೇಕು ಎಂದು ಕೇಳುವವರಿದ್ದಾರೆ. ನೆಟ್ ನಿಂತಾಗ ತೊಂದರೆ ಮನೆಯೊಳಗೆ ಉಂಟಾ, ಕಂಬದ ಮೇಲೆ ಉಂಟಾ, ಅದಕ್ಕೂ ಆಚೆ ಉಂಟಾ ಎಂದು ನಮಗೆ ಗೊತ್ತಿದ್ದರೆ ಬೇಡದ ಪೆಟ್ಟಿಗೆಗೆ ದುಡ್ಡು ಹಾಕುವುದು ತಪ್ಪುತ್ತದೆ. ಕಸ್ಟಮರ್ ಕೇರ್‌ನವರ ಮಲಯಾಳ ಅರ್ಧಂಬರ್ಧ ಅರ್ಥವಾದರೂ, ಸರಿಯಾದ ಶಬ್ದ ನಮ್ಮ ಬಾಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ.

## ಮೊದಲ ಪರಿಚಯ

ವೈಫೈ, ಇಂಟರ್ನೆಟ್ ಎರಡೂ ಒಂದೇ ಅಲ್ಲವಾ?

ಅಲ್ಲ. ಅತಿ ಹೆಚ್ಚು ಗೊಂದಲ ಇರುವುದೇ ಇಲ್ಲಿ. ಗೋಡೆಯ ಮೇಲಿನ ಪೆಟ್ಟಿಗೆಗೂ ನಿಮ್ಮ ಮೊಬೈಲಿಗೂ ನಡುವೆ ವಯರ್ ಇಲ್ಲದೆ ನಡೆಯುವ ಸಂಪರ್ಕ ಮಾತ್ರ ವೈಫೈ. ಪೆಟ್ಟಿಗೆಯಿಂದ ಹೊರಟು ಕಂಬದ ಮೇಲೆ ಸಾಗುವ ಫೈಬರ್ ಎಂಬ ಗಾಜಿನ ಎಳೆಯ ತಂತಿ ನಿಮ್ಮನ್ನು ಕಂಪನಿಯ ಕೇಂದ್ರಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದಿನ ಲೋಕಕ್ಕೆ ದಾರಿ ಬೇರೆಯೇ ಇದೆ. ಹೀಗೆ ಮೂರು ಭಾಗ: ಮೊಬೈಲಿನಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಕಂಪನಿ, ಕಂಪನಿಯಿಂದ ಆಚೆ.

ಮೊಬೈಲಿನಲ್ಲಿ ವೈಫೈ ಗುರುತು ಪೂರ್ತಿ ಇದ್ದರೆ ಮೊದಲ ಭಾಗ ಸರಿ ಇದೆ ಎಂದಷ್ಟೇ ಅರ್ಥ. ಕಂಬದಲ್ಲಿ ಫೈಬರ್ ಕಡಿದು ಬಿದ್ದಿದ್ದರೂ ಆ ಗುರುತು ಪೂರ್ತಿಯೇ ತೋರಿಸುತ್ತದೆ. ಮನೆಯೊಳಗಿನ ಈ ಸಣ್ಣ ಜಾಲಕ್ಕೆ ಲ್ಯಾನ್ ಎನ್ನುತ್ತಾರೆ, ಪೆಟ್ಟಿಗೆಯಿಂದ ಹೊರಗೆ ಹೋಗುವುದಕ್ಕೆ ವ್ಯಾನ್. ರೂಟರಿನ ಹಿಂದೆ ಈ ಎರಡು ಹೆಸರು ಅಚ್ಚಾಗಿರುವುದನ್ನು ನೋಡಿರಬಹುದು.

ಮೋಡೆಮ್, ರೂಟರ್, ಓಎನ್‌ಟಿ. ನಮ್ಮ ಗೋಡೆಯಲ್ಲಿರುವುದು ಇದರಲ್ಲಿ ಯಾವುದು?

ಹಳೆಯ ಲ್ಯಾಂಡ್‌ಲೈನ್‌ನ ತಾಮ್ರದ ತಂತಿಯಲ್ಲಿ ನೆಟ್ ಬರುತ್ತಿದ್ದಾಗ ಇದ್ದದ್ದು ಮೋಡೆಮ್. ಈಗ ಬರುವ ಫೈಬರಿನಲ್ಲಿ ಹರಿಯುವುದು ಬೆಳಕು. ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಓಎನ್‌ಟಿ. ಕೆಲವರು ಓಎನ್‌ಯು ಎನ್ನುತ್ತಾರೆ, ಮನೆಯ ಮಟ್ಟಿಗೆ ಎರಡೂ ಒಂದೇ. ಬಂದ ಸಂಪರ್ಕವನ್ನು ಮನೆಯ ಹತ್ತು ಸಾಧನಗಳಿಗೆ ಹಂಚುವುದು ರೂಟರಿನ ಕೆಲಸ. ಈಗ ಹೆಚ್ಚಿನ ಮನೆಗಳಿಗೆ ಬರುವ ಪೆಟ್ಟಿಗೆಯಲ್ಲಿ ಓಎನ್‌ಟಿ, ರೂಟರ್, ವೈಫೈ ಮೂರೂ ಸೇರಿರುತ್ತವೆ. ಅದನ್ನು ಮೋಡೆಮ್ ಎಂದು ಕರೆದರೂ ರಿಪೇರಿಯವರಿಗೆ ಅರ್ಥವಾಗುತ್ತದೆ. ಹೊಸದು ಕೊಳ್ಳಲು ಅಂಗಡಿಗೆ ಹೋದಾಗ ಮಾತ್ರ ಜಾಗ್ರತೆ ಬೇಕು: ಬರಿಯ ರೂಟರ್ ತಂದರೆ ಅದರಲ್ಲಿ ಫೈಬರ್ ಚುಚ್ಚುವ ಜಾಗವೇ ಇರುವುದಿಲ್ಲ.

ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತಾ ಉಂಟು. ಎಂತ ಮಾಡುವುದು?

ದೀಪದ ಕೆಳಗಿನ ಅಕ್ಷರ ನೋಡಿ. ಎಲ್‌ಓಎಸ್ ಎಂದಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಅದರ ಪಕ್ಕದ ಪಿಓಎನ್ ಎಂಬ ಹಸಿರು ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಕಂಪನಿಯ ಕೇಂದ್ರ ನಿಮ್ಮ ಪೆಟ್ಟಿಗೆಯನ್ನು ಗುರುತಿಸಿದೆ. ಎಲ್‌ಓಎಸ್ ಕೆಂಪು ಇಲ್ಲ, ಪಿಓಎನ್ ಮಾತ್ರ ಮಿನುಗುತ್ತಿದೆ ಎಂದಾದರೆ ಬೆಳಕು ಬರುತ್ತಿದೆ, ಆದರೆ ನೋಂದಣಿ ಆಗುತ್ತಿಲ್ಲ. ಈ ಎರಡೂ ಸರಿಯಿದ್ದು ಇಂಟರ್ನೆಟ್ ಎಂಬ ದೀಪ ಮಾತ್ರ ಕೆಂಪಾಗಿದ್ದರೆ ಫೈಬರಿನ ತೊಂದರೆಯಲ್ಲ, ಲಾಗಿನ್ ತೊಂದರೆ. ಹಣ ಕಟ್ಟದೆ ಪ್ಲಾನ್ ಮುಗಿದಾಗ ಕಾಣುವುದೂ ಹೀಗೆಯೇ.

ಎಲ್‌ಓಎಸ್ ಕೆಂಪಾದರೆ ಪೆಟ್ಟಿಗೆಯನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಪೆಟ್ಟಿಗೆಯ ಹಿಂದಿನಿಂದ ಕಿಟಕಿಯವರೆಗೆ ಫೈಬರನ್ನು ಕೈಯಲ್ಲೇ ಹಿಂಬಾಲಿಸಿ. ಕಪಾಟನ್ನು ಗೋಡೆಗೆ ಒತ್ತಿದಲ್ಲಿ, ಕಿಟಕಿಯ ಬಾಗಿಲು ಮುಚ್ಚುವ ಸಂದಿಯಲ್ಲಿ, ಮೊಳೆ ಹೊಡೆದು ಬಿಗಿಯಾಗಿ ಮಡಚಿದಲ್ಲಿ ಹೆಚ್ಚಾಗಿ ತೊಂದರೆ ಇರುತ್ತದೆ. ಒಳಗಿನ ಗಾಜಿನ ಎಳೆ ಮುರಿಯದಿದ್ದರೂ ತೀರಾ ಬಾಗಿದಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಮಡಿಕೆ ಬಿಡಿಸಿದ ಕೂಡಲೇ ಕೆಂಪು ಆರುವುದೂ ಉಂಟು. ಒಳಗೆ ಎಲ್ಲ ಸರಿಯಿದ್ದರೆ ಅಂಗಳಕ್ಕೆ ಇಳಿದು ಕಂಬದವರೆಗೆ ನೋಡಿ. ತೆಂಗಿನ ಮಡಲು, ಅಡಕೆಯ ಸೋಗೆ ಬಿದ್ದು ತಂತಿ ಜಗ್ಗಿರಬಹುದು, ಅಳಿಲು ಕಡಿದಿರಬಹುದು. ಕಂಪನಿಗೆ ಫೋನ್ ಮಾಡುವಾಗ “ನೆಟ್ ಇಲ್ಲ” ಎನ್ನುವ ಬದಲು “ಎಲ್‌ಓಎಸ್ ಕೆಂಪು” ಎನ್ನಿ. ಬರುವ ಹುಡುಗ ಫೈಬರ್ ಜೋಡಿಸುವ ಯಂತ್ರ ಹಿಡಿದುಕೊಂಡೇ ಬರುತ್ತಾನೆ.

ಒಂದು ಎಚ್ಚರಿಕೆ. ಕಳಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರೊಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಅಪಾಯ. ಮಕ್ಕಳಿಗೂ ಹೇಳಿಡಿ.

100 ಎಂಬಿಪಿಎಸ್ ಪ್ಲಾನ್ ಹಾಕಿದ್ದೇವೆ. ಡೌನ್‌ಲೋಡ್ ಮಾಡುವಾಗ 11, 12 ಅಂತಲೇ ತೋರಿಸುವುದು. ಇದು ಮೋಸ ಅಲ್ಲವಾ?

ಮೋಸವಲ್ಲ, ಲೆಕ್ಕದ ವ್ಯತ್ಯಾಸ. ಕಂಪನಿ ಹೇಳುವುದು ಸೆಕೆಂಡಿಗೆ 100 ಮೆಗಾಬಿಟ್. ಡೌನ್‌ಲೋಡ್ ತೋರಿಸುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್, ಆದ್ದರಿಂದ 100ನ್ನು 8ರಿಂದ ಭಾಗಿಸಬೇಕು: 12.5. ಅದರಲ್ಲಿ ಸ್ವಲ್ಪ ಭಾಗ ವಿಳಾಸ ಮತ್ತಿತರ ಮಾಹಿತಿಗೆ ಹೋಗುತ್ತದೆ. ಉಳಿಯುವುದು ನೀವು ಕಾಣುವ 11, 12. ಒಂದು ಜಿಬಿಯ ವಿಡಿಯೋ ಈ ವೇಗದಲ್ಲಿ ಒಂದೂವರೆ ನಿಮಿಷದ ಒಳಗೆ ಬರಬೇಕು.

ನಿಜವಾದ ವೇಗ ಅಳೆಯಬೇಕಾದರೆ ಲ್ಯಾಪ್‌ಟಾಪನ್ನು ವಯರಿನಲ್ಲೇ ಪೆಟ್ಟಿಗೆಗೆ ಜೋಡಿಸಿ ಅಳೆಯಿರಿ. ವೈಫೈಯಲ್ಲಿ ಅಳೆದರೆ ಮನೆಯ ಗೋಡೆಗಳನ್ನೂ ಸೇರಿಸಿ ಅಳೆದ ಹಾಗಾಗುತ್ತದೆ.

ಎಷ್ಟು ಸ್ಪೀಡ್ ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನಬಹುದು? ಎಫ್‌ಯುಪಿ ಎಂತದು?

ಕೇಂದ್ರ ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಕನಿಷ್ಠ ಡೌನ್‌ಲೋಡ್ ವೇಗವನ್ನು 2 ಎಂಬಿಪಿಎಸ್ ಎಂದು ನಿಗದಿ ಮಾಡಿದೆ. ಅದಕ್ಕೆ ಮೊದಲು 512 ಕೆಬಿಪಿಎಸ್ ಇತ್ತು. 2 ಎಂಬಿಪಿಎಸ್‌ನಲ್ಲಿ ಒಂದು ಜಿಬಿ ಇಳಿಯಲು ಒಂದು ತಾಸಿಗಿಂತ ಹೆಚ್ಚು ಬೇಕು. ಇಂದಿನ ಮನೆಗೆ ಇದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ತಿಂಗಳಿಗೆ ಇಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಸುತ್ತೇವೆ ಎಂಬ ಷರತ್ತೇ ಎಫ್‌ಯುಪಿ. ‘ಅನ್‌ಲಿಮಿಟೆಡ್’ ಎಂದು ದೊಡ್ಡದಾಗಿ ಬರೆದ ಪ್ಲಾನಿನಲ್ಲಿಯೂ ಇದು ಇರಬಹುದು. ತಿಂಗಳ ಕೊನೆಗೆ ಮಾತ್ರ ನಿಧಾನವಾಗುತ್ತದೆ ಎಂದರೆ ಮೊದಲು ಇದನ್ನೇ ಸಂಶಯಿಸಿ. ಪ್ಲಾನ್ ಹಾಕುವಾಗ “ಎಫ್‌ಯುಪಿ ಎಷ್ಟು, ಮುಗಿದ ಮೇಲೆ ಸ್ಪೀಡ್ ಎಷ್ಟು” ಎಂಬ ಎರಡು ಪ್ರಶ್ನೆ ಕೇಳಲೇಬೇಕು.

ಮಾಷ್ಟ್ರೇ, ಕೆ-ಫೋನ್ ಅಂದರೆ ಸರಕಾರ ಕೊಡುವ ಮೊಬೈಲಾ?

ಅಲ್ಲ, ಫೈಬರ್ ಜಾಲ. ಪೂರ್ತಿ ಹೆಸರು ಕೇರಳ ಫೈಬರ್ ಆಪ್ಟಿಕ್ ನೆಟ್‌ವರ್ಕ್. 2023ರ ಜೂನ್ 5ರಂದು ಉದ್ಘಾಟನೆ ಆಯಿತು. ವಿದ್ಯುತ್ ಮಂಡಳಿಯ, ಅಂದರೆ ಕೆಎಸ್‌ಇಬಿಯ ಕಂಬ ಮತ್ತು ಲೈನುಗಳನ್ನು ಆಧರಿಸಿಯೇ ಈ ಜಾಲ ಹರಡಿದೆ. ಸುಮಾರು 30,000 ಸರಕಾರಿ ಕಚೇರಿ, ಶಾಲೆ, ಆಸ್ಪತ್ರೆಗಳನ್ನು ಜೋಡಿಸುವುದು, ಹಿಂದುಳಿದ 20 ಲಕ್ಷ ಕುಟುಂಬಗಳಿಗೆ ಉಚಿತವಾಗಿ ಕೊಡುವುದು ಯೋಜನೆಯ ಗುರಿ. ಉಚಿತ ಸಂಪರ್ಕದ ಮೊದಲ ಹಂತಕ್ಕೆ ಒಂದೊಂದು ವಿಧಾನಸಭಾ ಕ್ಷೇತ್ರದಿಂದ 100 ಮನೆಯಂತೆ ಇಡೀ ರಾಜ್ಯದಲ್ಲಿ 14,000 ಮನೆಗಳನ್ನು ಇಟ್ಟುಕೊಂಡಿದ್ದರು. ಮಂಜೇಶ್ವರದಿಂದ ತ್ರಿಕರಿಪುರದವರೆಗೆ ನಮ್ಮ ಜಿಲ್ಲೆಯಲ್ಲಿ ಐದು ಕ್ಷೇತ್ರ, ಆ ಲೆಕ್ಕಕ್ಕೆ 500 ಮನೆ. ಉಳಿದವರು ದುಡ್ಡು ಕೊಟ್ಟು ಸಂಪರ್ಕ ಪಡೆಯಬಹುದು. ನಿಮ್ಮ ಕಂಬದವರೆಗೆ ಲೈನ್ ಬಂದಿದೆಯಾ ಎಂಬುದನ್ನು ಊರಿನ ಕೇಬಲ್‌ನವರಲ್ಲಿ ವಿಚಾರಿಸಿ.

## ಮನೆಯೊಳಗೆ

ಚಾವಡಿಯಲ್ಲಿ ಒಳ್ಳೆ ಸಿಗುತ್ತದೆ, ಹಿಂದಿನ ಕೋಣೆಯಲ್ಲಿ ಇಲ್ಲ. 5ಜಿ ವೈಫೈ ಹಾಕಿಸಿದರೆ ಸರಿಯಾದೀತಾ?

ಇನ್ನೂ ಕಡಿಮೆಯಾದೀತು. ವೈಫೈ ಹೆಸರಿನ ಕೊನೆಯಲ್ಲಿ 5ಜಿ ಎಂದಿರುವುದು 5 ಗಿಗಾಹರ್ಟ್ಸ್ ಎಂಬ ಫ್ರೀಕ್ವೆನ್ಸಿಗೆ. 2022ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ 5ಜಿ ಮೊಬೈಲ್ ಸೇವೆಗೂ ಇದಕ್ಕೂ ಸಂಬಂಧವಿಲ್ಲ. ವೈಫೈಗೆ ಮುಖ್ಯವಾಗಿ ಎರಡು ಫ್ರೀಕ್ವೆನ್ಸಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗದ್ದು, ಗೋಡೆ ಅಡ್ಡ ಬಂದರೆ ಸೋಲುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳ ಮುರಕಲ್ಲಿನ ಗೋಡೆ ದಪ್ಪ. ಮಳೆಗಾಲದಲ್ಲಿ ಅದು ನೀರು ಕುಡಿದಿರುತ್ತದೆ, ನೀರು ತರಂಗಗಳನ್ನು ಹೀರಿಕೊಳ್ಳುತ್ತದೆ. ಇಂಥ ಎರಡು ಗೋಡೆ ದಾಟಿದ ಮೇಲೆ 5 ಗಿಗಾಹರ್ಟ್ಸ್‌ನಲ್ಲಿ ಏನೂ ಉಳಿದಿರುವುದಿಲ್ಲ. ಹಿಂದಿನ ಕೋಣೆಯಲ್ಲಿ 2.4ಕ್ಕೇ ಜೋಡಿಸಿ.

ಅದಕ್ಕಿಂತ ಮೊದಲು ಪೆಟ್ಟಿಗೆ ಎಲ್ಲಿದೆ ನೋಡಿ. ತಂತಿ ಬಂದ ಕಿಟಕಿಯ ಮೂಲೆಯಲ್ಲಿ, ಟಿವಿಯ ಹಿಂದೆ, ಕಬ್ಬಿಣದ ಕಪಾಟಿನ ಬದಿಯಲ್ಲಿ ಸಿಕ್ಕಿಸಿಟ್ಟ ಪೆಟ್ಟಿಗೆಯ ಶಕ್ತಿ ಅರ್ಧದಷ್ಟು ಅಂಗಳಕ್ಕೇ ಹೋಗುತ್ತದೆ. ಮನೆಯ ನಡುಭಾಗಕ್ಕೆ, ಎದೆಯೆತ್ತರಕ್ಕಿಂತ ಮೇಲಕ್ಕೆ ತಂದರೆ ಒಂದು ರೂಪಾಯಿ ಖರ್ಚಿಲ್ಲದೆ ಸುಧಾರಿಸುತ್ತದೆ. ಅಕ್ಕಪಕ್ಕ ಮನೆಗಳು ಒತ್ತೊತ್ತಾಗಿರುವ ಪೇಟೆಯಲ್ಲಾದರೆ 2.4ರ ಚಾನೆಲನ್ನು 1, 6, 11 ಇವುಗಳಲ್ಲಿ ಒಂದಕ್ಕೆ ಬದಲಿಸಿ ನೋಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಆಮೇಲೆಯೂ ಸಾಲದಿದ್ದರೆ ಅಗ್ಗದ ರಿಪೀಟರಿಗೆ ಕೈ ಹಾಕಬೇಡಿ. ಅದು ಕೇಳಿದ್ದನ್ನೇ ಮತ್ತೆ ಹೇಳುವ ಸಾಧನ. ಸಾಮಾನ್ಯ ರಿಪೀಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ, ಕೆಟ್ಟ ಸಿಗ್ನಲ್ ಇರುವಲ್ಲಿ ಇಟ್ಟರೆ ಕೆಟ್ಟದ್ದನ್ನೇ ಹಂಚುತ್ತದೆ. ಕ್ಯಾಟ್-6 ಎಂಬ ಲ್ಯಾನ್ ಕೇಬಲನ್ನು ಹಿಂದಿನ ಕೋಣೆಯವರೆಗೆ ಎಳೆದು ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಡುವುದು ನಾನು ಎಲ್ಲರಿಗೂ ಹೇಳುವ ದಾರಿ. ಈ ಕೇಬಲ್ 100 ಮೀಟರ್‌ವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ. ಅಷ್ಟಕ್ಕೆ ದೊಡ್ಡ ತರವಾಡು ಮನೆಯೂ ಮುಗಿದು ಹಟ್ಟಿಯವರೆಗೆ ಮುಟ್ಟುತ್ತದೆ. ವಯರ್ ಎಳೆಯಲು ಆಗದವರಿಗೆ ವಯರಿಲ್ಲದೆ ಒಂದಕ್ಕೊಂದು ಸೇರಿ ಮನೆಯಿಡೀ ಒಂದೇ ವೈಫೈ ಹರಡುವ ಮೆಶ್ ಪೆಟ್ಟಿಗೆಗಳಿವೆ, ಬೆಲೆ ಮಾತ್ರ ಹೆಚ್ಚು.

ರೂಟರಿಗೆ ಎರಡು ಪಾಸ್‌ವರ್ಡ್ ಉಂಟು ಹೇಳ್ತಾರೆ. ನಾವು ಬದಲಿಸಬೇಕಾದದ್ದು ಯಾವುದು?

ಎರಡನ್ನೂ. ಮನೆಗೆ ಬಂದ ನೆಂಟರಿಗೆ ಹೇಳುವುದು ವೈಫೈ ಪಾಸ್‌ವರ್ಡ್. ಪೆಟ್ಟಿಗೆಯ ಸೆಟ್ಟಿಂಗ್ಸ್ ತೆರೆಯುವುದು ಅಡ್ಮಿನ್ ಪಾಸ್‌ವರ್ಡ್. ಎಷ್ಟೋ ಪೆಟ್ಟಿಗೆಗಳಲ್ಲಿ ಇದು ‘ಅಡ್ಮಿನ್’ ಎಂದೇ ಇರುತ್ತದೆ, ಯಾರೂ ಬದಲಿಸುವುದಿಲ್ಲ. ಅಷ್ಟು ಸಾಕು, ಮನೆಯ ವೈಫೈಗೆ ಸೇರಿದ ಯಾರೇ ಆಗಲಿ ನಿಮ್ಮ ಇಡೀ ಮನೆಯ ನೆಟ್ಟನ್ನು ಬೇರೆ ದಾರಿಗೆ ತಿರುಗಿಸಿಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಸ್‌ಐಡಿ ಎಂದಿರುವುದು ನಿಮ್ಮ ವೈಫೈಯ ಹೆಸರು. ಸುರಕ್ಷತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಇಪಿ ಎಂಬುದು ಹಳತು, ಅದನ್ನು ಮುರಿಯುವುದು ಸುಲಭ.

ಕೆಲವು ಕಂಪನಿಗಳಲ್ಲಿ ಮೂರನೆಯದೂ ಇದೆ, ಪಿಪಿಪಿಒಇ ಹೆಸರು ಮತ್ತು ಪಾಸ್‌ವರ್ಡ್. ನಿಮ್ಮ ಪೆಟ್ಟಿಗೆ ಕಂಪನಿಗೆ ಲಾಗಿನ್ ಆಗುವುದು ಇದರಿಂದ. ಅದನ್ನು ಬದಲಿಸಬೇಡಿ, ಬರೆದಿಡಿ. ರೂಟರನ್ನು ರೀಸೆಟ್ ಮಾಡಿದ ದಿನ ಬೇಕಾಗುತ್ತದೆ. ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚುವುದು ರೀಸೆಟ್, ಸ್ವಿಚ್ ಆಫ್ ಮಾಡಿ ಹಾಕುವುದು ರೀಸ್ಟಾರ್ಟ್. ಮೊದಲನೆಯದರಲ್ಲಿ ಎಲ್ಲ ಸೆಟ್ಟಿಂಗೂ ಅಳಿಸಿಹೋಗುತ್ತದೆ.

192.168.1.1 ಅಂತ ನಮ್ಮಲ್ಲಿ ಉಂಟು, ನೆರೆಮನೆಯಲ್ಲಿಯೂ ಅದೇ ಉಂಟು. ಹೇಗೆ?

ಇದು ಐಪಿ ಅಡ್ರೆಸ್, ಅಂದರೆ ಜಾಲದಲ್ಲಿ ಒಂದು ಸಾಧನವನ್ನು ಗುರುತಿಸುವ ಸಂಖ್ಯೆ, ಅದರಲ್ಲೂ ಮನೆಯೊಳಗೆ ಮಾತ್ರ ನಡೆಯುವ ಪ್ರೈವೇಟ್ ಅಡ್ರೆಸ್. ಕೂಡುಕುಟುಂಬದ ಮನೆಗೆ ಕಾಗದ ಬರುವ ಹಾಗೆ ಎಂದು ತಿಳಿಯಿರಿ: ಅಂಚೆಯವನಿಗೆ ಗೊತ್ತಿರುವುದು ಮನೆಯ ಹೆಸರು ಮಾತ್ರ, ಒಳಗೆ ‘ದೊಡ್ಡಣ್ಣ’, ‘ಸಣ್ಣಕ್ಕ’ ಎಂಬ ಕರೆ ನೆರೆಮನೆಯಲ್ಲಿಯೂ ಇದ್ದರೆ ಯಾರಿಗೂ ತೊಂದರೆಯಿಲ್ಲ. 192.168ರಿಂದ ಶುರುವಾಗುವ ಅಡ್ರೆಸ್‌ಗಳು, 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು ಇಂಥ ಒಳಗಿನ ಬಳಕೆಗೆಂದೇ ಬಿಟ್ಟವು.

ಹೊಸ ಮೊಬೈಲ್ ವೈಫೈಗೆ ಸೇರಿದ ಕೂಡಲೇ ಅದಕ್ಕೊಂದು ಒಳ ಅಡ್ರೆಸ್ ಕೊಡುವ ಏರ್ಪಾಡು ಡಿಎಚ್‌ಸಿಪಿ. ಒಳ ಅಡ್ರೆಸ್‌ಗಳನ್ನೆಲ್ಲ ಒಂದೇ ಹೊರ ಅಡ್ರೆಸ್‌ನಲ್ಲಿ ಕಳಿಸಿ, ಬಂದ ಉತ್ತರವನ್ನು ಕೇಳಿದವರಿಗೇ ಮುಟ್ಟಿಸುವುದು ನ್ಯಾಟ್. ಎರಡನ್ನೂ ರೂಟರ್ ತಾನಾಗಿ ಮಾಡುತ್ತದೆ. ಮೊಬೈಲಿನಲ್ಲಿ 169.254ರಿಂದ ಶುರುವಾಗುವ ಅಡ್ರೆಸ್ ಕಂಡರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ ಎಂದರ್ಥ. ಅಂದರೆ ತೊಂದರೆ ಮನೆಯೊಳಗೇ ಇದೆ, ಕಂಪನಿಗೆ ಫೋನ್ ಮಾಡಬೇಕಾಗಿಲ್ಲ.

ತುಲಾ ತಿಂಗಳ ಗುಡುಗಿಗೆ ಫೈಬರ್ ಕಳಚಿಡಬೇಕಾ?

ಫೈಬರ್ ಕಳಚಬೇಡಿ, ಕರೆಂಟಿನ ಪ್ಲಗ್ ಕಳಚಿ. ತಾಮ್ರದ ಲ್ಯಾಂಡ್‌ಲೈನ್ ಕಾಲದಲ್ಲಿ ಸಿಡಿಲು ತಂತಿಯಲ್ಲೇ ಬಂದು ಮೋಡೆಮ್ ಸುಡುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಈಗ ಪೆಟ್ಟಿಗೆ ಸುಡುವುದು ಹೆಚ್ಚಾಗಿ ಅಡಾಪ್ಟರಿನ ದಾರಿಯಾಗಿ, ಇಲ್ಲವೇ ಸಿಸಿಟಿವಿಗೆ, ಟಿವಿಗೆ ಎಳೆದ ಲ್ಯಾನ್ ವಯರಿನ ದಾರಿಯಾಗಿ. ಹಾಗಾಗಿ ಸಂಜೆ ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ಹೊರಗಿನಿಂದ ಬರುವ ಲ್ಯಾನ್ ವಯರನ್ನೂ ತೆಗೆದುಬಿಡಿ. ಸಿಡಿಲು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಕೆಲವು ಫೈಬರ್ ಕೇಬಲಿನ ಹೊರಕವಚದಲ್ಲಿ ಉಕ್ಕಿನ ತಂತಿ ಇರುತ್ತದೆ, ಅದನ್ನು ಮನೆಯೊಳಗೆ ಬರುವ ಮೊದಲೇ ಕತ್ತರಿಸಿ ಬಿಡುವುದು ಕ್ರಮ. ನಿಮ್ಮಲ್ಲಿ ಹಾಗೆ ಮಾಡಿದ್ದಾರೋ ಕೇಳಿ ನೋಡಿ. ಫೈಬರನ್ನು ಪದೇ ಪದೇ ಕಳಚಿದರೆ ತುದಿಗೆ ಧೂಳು ಕೂತು ಬೆಳಕು ಕುಂದುತ್ತದೆ.

## ಗಡಿಯ ಮೊಬೈಲು, ಊರ ದೂರು

ನನ್ನದು ಮಂಗಳೂರಿನ ಸಿಮ್. ತಲಪಾಡಿ ದಾಟಿದ ಕೂಡಲೇ ನೆಟ್ ನಿಲ್ಲುತ್ತದೆ, ಮತ್ತೆ ಬರುತ್ತದೆ. ಯಾಕೆ?

ದೂರಸಂಪರ್ಕದ ಲೆಕ್ಕದಲ್ಲಿ ದೇಶವನ್ನು 22 ಸೇವಾ ಪ್ರದೇಶಗಳಾಗಿ ಹಂಚಿದ್ದಾರೆ, ಅದನ್ನೇ ಸರ್ಕಲ್ ಎನ್ನುವುದು. ಕಾಸರಗೋಡು ಕೇರಳ ಸರ್ಕಲ್, ಮಂಗಳೂರು ಕರ್ನಾಟಕ ಸರ್ಕಲ್. ತಲಪಾಡಿಯಲ್ಲೋ ಪೆರ್ಲದಾಚೆಯ ಸಾರಡ್ಕದಲ್ಲೋ ಗಡಿ ದಾಟಿದಾಗ ಫೋನ್ ಒಂದು ಸರ್ಕಲಿನ ಜಾಲ ಬಿಟ್ಟು ಇನ್ನೊಂದಕ್ಕೆ ನೋಂದಣಿಯಾಗಬೇಕು. ಆ ನಡುವೆ ಸ್ವಲ್ಪ ಹೊತ್ತು ನೆಟ್ ಇರುವುದಿಲ್ಲ. ಗಡಿಯಲ್ಲೇ ಮನೆ ಇರುವವರಿಗೆ ಎರಡೂ ಕಡೆಯ ಟವರ್ ಸಿಗುವುದರಿಂದ ಚಾವಡಿಯಲ್ಲಿ ಒಂದು, ಹಿತ್ತಿಲಲ್ಲಿ ಇನ್ನೊಂದು ಹಿಡಿದು ಫೋನ್ ಅತ್ತಿತ್ತ ಓಲಾಡುತ್ತದೆ. ಬ್ಯಾಟರಿಯೂ ಬೇಗ ಇಳಿಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆನ್ ಇದೆಯಾ ನೋಡಿ, ಆಫ್ ಇದ್ದರೆ ಕೆಲವು ಫೋನುಗಳಲ್ಲಿ ಕಾಲ್ ಹೋಗುತ್ತದೆ, ನೆಟ್ ಬರುವುದಿಲ್ಲ. ಮನೆಯಲ್ಲೇ ಈ ತೊಂದರೆ ಇದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು ಗಟ್ಟಿಯಾಗಿ ಸಿಗುವ ಜಾಲವನ್ನೇ ಕೈಯಾರೆ ಆರಿಸಿ. ಪೇಟೆಗೆ ಹೊರಡುವಾಗ ಮತ್ತೆ ಆಟೋಮ್ಯಾಟಿಕ್‌ಗೆ ಹಾಕಲು ನೆನಪಿರಲಿ. ಖಾಯಂ ಆಗಿ ಗಡಿಯ ಈಚೆಗೇ ಬಂದು ನೆಲೆಸಿದವರಿಗೆ ನಂಬರ್ ಬದಲಿಸದೆ ಸರ್ಕಲ್ ಬದಲಿಸುವ ಸೌಲಭ್ಯವೂ ಇದೆ. ದೇಶವಿಡೀ ನಂಬರ್ ಪೋರ್ಟಿಂಗ್ 2015ರ ಜುಲೈ 3ರಿಂದ ಜಾರಿಯಲ್ಲಿದೆ.

ಟವರಿನ ಕಡ್ಡಿ ಪೂರ್ತಿ ಉಂಟು, ಆದರೆ ವಿಡಿಯೋ ತಿರುಗುತ್ತಾ ಇರುತ್ತದೆ. ಯಾಕೆ?

ಕಡ್ಡಿ ತೋರಿಸುವುದು ಟವರಿನ ದನಿ ನಿಮಗೆ ಎಷ್ಟು ಗಟ್ಟಿಯಾಗಿ ಕೇಳುತ್ತದೆ ಎಂಬುದನ್ನು ಮಾತ್ರ. ಆ ಟವರಿನಲ್ಲಿ ಎಷ್ಟು ಜನ ತೂಗಿಕೊಂಡಿದ್ದಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ. ರಾತ್ರಿ ಎಂಟರಿಂದ ಹತ್ತರವರೆಗೆ, ಜಾತ್ರೆ, ಯಕ್ಷಗಾನ ಇರುವಲ್ಲಿ ಇದೇ ಕಾರಣ. ಟವರಿನಿಂದ ಹಿಂದಕ್ಕೆ ಹೋಗುವ ಫೈಬರ್ ಕಡಿದಿದ್ದರೂ ಕಡ್ಡಿ ಪೂರ್ತಿಯೇ ಇರುತ್ತದೆ. ಎಲ್ಲ ಹೊತ್ತೂ ಹೀಗೇ ಇದ್ದರೆ ಕಂಪನಿಯ ನೆಟ್ಟಿಗೆ ಫೋನ್ ಯಾವ ದಾರಿಯಲ್ಲಿ ಸೇರಬೇಕೆಂದು ಹೇಳುವ ಎಪಿಎನ್ ಸೆಟ್ಟಿಂಗನ್ನು ಮೊದಲಿನ ಸ್ಥಿತಿಗೆ ತನ್ನಿ, ಸಿಮ್ ಬದಲಿಸಿದ ಮೇಲೆ ಅದು ಹಳೆಯ ಕಂಪನಿಯದ್ದೇ ಉಳಿದಿರಬಹುದು.

ರೈಲ್ವೆ ಸ್ಟೇಷನ್ನಿನ ಉಚಿತ ವೈಫೈಯಲ್ಲಿ ಬ್ಯಾಂಕಿನ ಕೆಲಸ ಮಾಡಬಹುದಾ?

ವೆಬ್ ಪುಟದ ಅಡ್ರೆಸ್ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿದ್ದರೆ ನಡುವಿನವರಿಗೆ ಒಳಗಿನ ಮಾಹಿತಿ ಓದಲು ಆಗುವುದಿಲ್ಲ. ಅದೇ ಹೆಸರಿನ ನಕಲಿ ವೈಫೈ ಹಾಕಿ ನಕಲಿ ಪುಟಕ್ಕೆ ಒಯ್ಯುವವರಿರಬಹುದು, ಭಯ ಅದರದ್ದು. ಹಣದ ವಿಷಯಕ್ಕೆ ನಿಮ್ಮ ಮೊಬೈಲ್ ಡೇಟಾ ಬಳಸಿ.

ಎಷ್ಟು ಸಲ ಫೋನ್ ಮಾಡಿದರೂ “ನಾಳೆ ಬರುತ್ತೇವೆ” ಎನ್ನುತ್ತಾರೆ. ಇನ್ನು ಯಾರಲ್ಲಿ ಹೇಳುವುದು?

ಲೈನ್‌ಮ್ಯಾನ್‌ನ ಮೊಬೈಲಿಗೆ ಹೇಳಿದ್ದು ದೂರು ಆಗುವುದಿಲ್ಲ. ಕಂಪನಿಯ ದೂರು ಕೇಂದ್ರಕ್ಕೇ ಫೋನ್ ಮಾಡಿ ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ಸಂಖ್ಯೆ, ಕೇಳಿ ತೆಗೆದುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಪ್ರತಿ ದೂರಿಗೂ ಅದನ್ನು ಕೊಡಲೇಬೇಕು. ದೂರು ಬಗೆಹರಿಯದಿದ್ದರೆ, ಬಗೆಹರಿದದ್ದು ತೃಪ್ತಿಯಾಗದಿದ್ದರೆ, ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. ಡಾಕೆಟ್ ನಂಬರ್ ಇಲ್ಲದೆ ಈ ಬಾಗಿಲು ತೆರೆಯುವುದಿಲ್ಲ.

ದೂರಿನಲ್ಲಿ ಯಾವ ದೀಪ ಹೇಗಿದೆ, ಎಷ್ಟು ಹೊತ್ತಿನಿಂದ, ವಯರಿನಲ್ಲಿ ಅಳೆದ ವೇಗ ಎಷ್ಟು ಎಂದು ಬರೆಯಿರಿ. ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ ಫೈಬರಿನಿಂದ ಬರುವ ಬೆಳಕಿನ ಪ್ರಮಾಣ ಡಿಬಿಎಂ ಎಂಬ ಅಳತೆಯಲ್ಲಿ ಸಿಗುತ್ತದೆ, ಅದನ್ನೂ ಸೇರಿಸಿ. −15ರಿಂದ −25ರ ನಡುವೆ ಇದ್ದರೆ ಒಳ್ಳೆಯದು. −27 ದಾಟಿದರೆ ಆಗಾಗ ಕಡಿಯುತ್ತದೆ. “−29 ಬರುತ್ತಿದೆ” ಎಂದವರ ಹತ್ತಿರ “ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಉತ್ತರ ನಡೆಯುವುದಿಲ್ಲ.

## ಇನ್ನಷ್ಟು ಆಳಕ್ಕೆ

ವಾಟ್ಸಾಪ್ ಬರುತ್ತದೆ, ಆದರೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ಇದೆಂತ ರೋಗ?

ಹೆಚ್ಚಾಗಿ ಡಿಎನ್‌ಎಸ್. ನಾವು ಟೈಪ್ ಮಾಡುವುದು ಹೆಸರು, ಜಾಲ ನಡೆಯುವುದು ಐಪಿ ಅಡ್ರೆಸ್‌ನಿಂದ. ಹೆಸರನ್ನು ಅಡ್ರೆಸ್ ಆಗಿ ಬದಲಿಸುವ ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಕಂಪನಿಯ ಡಿಎನ್‌ಎಸ್ ಸರ್ವರ್ ಕೈಕೊಟ್ಟಾಗ ಆಗಲೇ ಜೋಡಣೆಯಾಗಿರುವ ಆ್ಯಪ್‌ಗಳು ನಡೆಯುತ್ತಲೇ ಇರುತ್ತವೆ, ಹೊಸದಾಗಿ ಹೆಸರು ಹುಡುಕಬೇಕಾದವು ಮಾತ್ರ ನಿಲ್ಲುತ್ತವೆ. ರೂಟರಿನಲ್ಲಿ ಡಿಎನ್‌ಎಸ್ ಎಂಬ ಜಾಗಕ್ಕೆ 8.8.8.8 ಅಥವಾ 1.1.1.1 ಎಂದು ಹಾಕಿ ನೋಡಿ. ಮೊದಲನೆಯದು ಗೂಗಲ್‌ನದು, ಎರಡನೆಯದು ಕ್ಲೌಡ್‌ಫ್ಲೇರ್‌ನದು. ಇದರಿಂದ ಸ್ಪೀಡ್ ಹೆಚ್ಚುತ್ತದೆ ಎನ್ನುವವರ ಮಾತು ನಂಬಬೇಡಿ. ಪುಟ ತೆರೆಯುವ ಮೊದಲ ಕ್ಷಣ ಚುರುಕಾಗಬಹುದು, ಅಷ್ಟೇ.

ವೆಬ್ ವಿಳಾಸವನ್ನು ಕನ್ನಡ ಲಿಪಿಯಲ್ಲೂ ಇಟ್ಟುಕೊಳ್ಳಬಹುದು, ಕೊನೆಯಲ್ಲಿ ‘.ಭಾರತ’ ಎಂದು ಬರುತ್ತದೆ. ನಮ್ಮ ಊರಿನ ಸಂಘಗಳು, ಶಾಲೆಗಳು ಇದನ್ನು ಬಳಸಬೇಕೆಂಬ ಆಸೆ ನನಗಿದೆ.

ಸ್ಪೀಡ್ ಟೆಸ್ಟ್‌ನಲ್ಲಿ 100 ಬರುತ್ತದೆ. ಅಬುಧಾಬಿಯ ಅಣ್ಣನ ಹತ್ತಿರ ಮಾತಾಡುವಾಗ ಮಾತ್ರ ಕಡಿಕಡಿದು ಹೋಗುತ್ತದೆ. ಯಾಕೆ?

ಮಾತಿಗೆ 100 ಎಂಬಿಪಿಎಸ್ ಬೇಡವೇ ಬೇಡ. ಬೇಕಾದದ್ದು ಲೇಟೆನ್ಸಿ ಕಡಿಮೆ ಇರುವುದು, ಅಂದರೆ ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು. ಇದನ್ನು ಪಿಂಗ್ ಎಂದು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಯುಎಇಗೆ ನೇರ ಗೆರೆ ಎಳೆದರೂ ಸುಮಾರು 2,500 ಕಿಲೋಮೀಟರ್, ಹೋಗಿ ಬರಲು ಕಡಿಮೆಯೆಂದರೂ 25 ಮಿಲಿಸೆಕೆಂಡ್. ನಿಜವಾಗಿ ದಾರಿ ನೇರವಿಲ್ಲ, ಮುಂಬಯಿಯಂಥ ಕರಾವಳಿ ಕೇಂದ್ರಕ್ಕೆ ಹೋಗಿ ಸಮುದ್ರದಡಿಯ ಕೇಬಲ್ ಹಿಡಿಯಬೇಕು. ಆದ್ದರಿಂದ ಅದರ ಎರಡು ಮೂರು ಪಟ್ಟಾದರೂ ಚಿಂತೆಯಿಲ್ಲ, ಮಾತು ಸರಾಗವಾಗಿರುತ್ತದೆ.

ಕಡಿಯುವುದಕ್ಕೆ ಕಾರಣ ಬೇರೆ ಎರಡು. ಪಿಂಗ್ ಒಮ್ಮೆ 60, ಒಮ್ಮೆ 400 ಎಂದು ಏರಿಳಿಯುವುದು ಜಿಟರ್. ಕಳಿಸಿದ ತುಣುಕುಗಳು ದಾರಿಯಲ್ಲೇ ಕಳೆದುಹೋಗುವುದು ಪ್ಯಾಕೆಟ್ ಲಾಸ್. ಕಂಪ್ಯೂಟರಿನ ಕಮಾಂಡ್ ಪುಟ ತೆರೆದು, ಪಿಂಗ್ ಎಂಬ ಆದೇಶದ ಮುಂದೆ ಮೊದಲು 192.168.1.1 ಹಾಕಿ, ಆಮೇಲೆ 8.8.8.8 ಹಾಕಿ. ಮೊದಲನೆಯದರಲ್ಲೇ ನೂರರ ಮೇಲೆ ಹೋದರೆ ತೊಂದರೆ ನಿಮ್ಮ ವೈಫೈಯದು. ಅಲ್ಲಿ 2, 3 ಬಂದು ಎರಡನೆಯದರಲ್ಲಿ ಏರಿಳಿದರೆ ಕಂಪನಿಯದು ಅಥವಾ ಅದರಾಚೆಯದು. ಎರಡೂ ಸ್ಥಿರವಾಗಿದ್ದರೆ ಅಣ್ಣನ ಕೋಣೆಯ ವೈಫೈಯನ್ನೇ ವಿಚಾರಿಸಬೇಕು. ಮನೆಯಲ್ಲಿ ಯಾರಾದರೂ ಫೋಟೋಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿದ್ದರೂ ಅಪ್‌ಲೋಡ್ ದಾರಿ ತುಂಬಿ ಮಾತು ಕಡಿಯುತ್ತದೆ.

ದುಬೈಯಿಂದ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ವಿಪಿಎನ್ ಹಾಕು ಎಂದು ಎಲ್ಲರೂ ಹೇಳುತ್ತಾರೆ, ಹಾಕಬಹುದಾ?

ಅದು ನೆಟ್ಟಿನ ದೋಷವಲ್ಲ. ಇಂಟರ್ನೆಟ್ ಮೂಲಕ ಮಾತಾಡುವ ಸೇವೆಗೆ ಯುಎಇಯಲ್ಲಿ ಅನುಮತಿ ಬೇಕು, ಇಲ್ಲದ್ದನ್ನು ತಡೆಯುತ್ತಾರೆ. ವಿಪಿಎನ್ ಎಂದರೆ ನಿಮ್ಮ ಸಾಧನದಿಂದ ಬೇರೊಂದು ಸರ್ವರಿನವರೆಗೆ ಮುಚ್ಚಿದ ದಾರಿ, ನಡುವಿನವರಿಗೆ ಒಳಗೇನು ಹೋಗುತ್ತಿದೆ ಎಂದು ಕಾಣದು. ಕಂಪನಿ ಕೆಲಸಗಳಿಗೆ ಅದು ದಿನನಿತ್ಯದ ಸಾಧನ. ಆದರೆ ಕಾನೂನು ತಡೆದದ್ದನ್ನು ದಾಟಲು ಬಳಸುವುದು ಅಲ್ಲಿ ಅಪರಾಧ. 2021ರ ಸೈಬರ್ ಕಾನೂನಿನಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ಮರೆಸಿದವರಿಗೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ದುಡಿಯಲು ಹೋದ ಮಕ್ಕಳ ಬದುಕನ್ನು ಒಂದು ಕಾಲ್‌ಗಾಗಿ ಪಣಕ್ಕಿಡಬೇಡಿ. ಬೋಟಿಮ್‌ನಂತಹ ಅನುಮತಿ ಪಡೆದ ಆ್ಯಪ್ ಇದೆ. ಇನ್ನೊಂದು, ಉಚಿತ ವಿಪಿಎನ್ ಹಾಕಿದಾಗ ನಿಮ್ಮ ಎಲ್ಲ ಸಂಚಾರವೂ ಅದನ್ನು ನಡೆಸುವ ಅಪರಿಚಿತರ ಮೂಲಕವೇ ಹೋಗುತ್ತದೆ.

ತೋಟದ ಕ್ಯಾಮರಾವನ್ನು ಬೆಂಗಳೂರಿನಿಂದ ನೋಡಬೇಕು. ಪೋರ್ಟ್ ಫಾರ್ವರ್ಡ್ ಮಾಡಿದರೂ ಆಗುವುದಿಲ್ಲ. ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬೇಕಾ?

ಸ್ಟ್ಯಾಟಿಕ್ ಐಪಿ ಎಂದರೆ ಬದಲಾಗದೆ ನಿಮಗೇ ಮೀಸಲಾದ ಹೊರ ಅಡ್ರೆಸ್. ಒಂದೇ ಐಪಿ ಅಡ್ರೆಸ್‌ನಲ್ಲಿ ಹಲವು ಸೇವೆ ನಡೆಯಬಹುದು, ಅವುಗಳನ್ನು ಬೇರೆ ಮಾಡುವ ಸಂಖ್ಯೆಯೇ ಪೋರ್ಟ್. ಹೊರಗಿನಿಂದ ಇಂಥ ಪೋರ್ಟಿಗೆ ಬಂದದ್ದನ್ನು ಒಳಗಿನ ಕ್ಯಾಮರಾಕ್ಕೆ ಕಳಿಸು ಎಂದು ರೂಟರಿಗೆ ಹೇಳುವುದು ಪೋರ್ಟ್ ಫಾರ್ವರ್ಡಿಂಗ್. ಅದು ನಡೆಯಬೇಕಾದರೆ ಹೊರ ಅಡ್ರೆಸ್ ನಿಮ್ಮದೊಬ್ಬರದೇ ಆಗಿರಬೇಕು. ಈಗ ಹೆಚ್ಚಿನ ಮನೆಗಳಿಗೆ ಹಾಗಿಲ್ಲ.

ಕಾರಣ ಇಷ್ಟು. ಹಳೆಯ ಐಪಿವಿ4 ಅಡ್ರೆಸ್ 32 ಬಿಟ್‌ನದು, ಒಟ್ಟು ಸುಮಾರು 429 ಕೋಟಿ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಮುಗಿಯಿತು. ಅಂದಿನಿಂದ ಕಂಪನಿಗಳು ಹಲವು ಮನೆಗಳನ್ನು ಒಂದೇ ಹೊರ ಅಡ್ರೆಸ್‌ನಡಿ ಕೂರಿಸುತ್ತವೆ. ಇದು ಸಿಜಿನ್ಯಾಟ್. ನಿಮ್ಮ ರೂಟರಿನ ವ್ಯಾನ್ ಅಡ್ರೆಸ್ ನೋಡಿ. 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಇಲ್ಲವೇ 10ರಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್‌ನ ಒಳಗಿದ್ದೀರಿ. ಆಗ ರೂಟರಿನಲ್ಲಿ ಏನು ಮಾಡಿದರೂ ಪೋರ್ಟ್ ತೆರೆಯುವುದಿಲ್ಲ. ಕಂಪನಿಯ ಪೆಟ್ಟಿಗೆಯ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಹಾಕಿದ್ದರೆ ಅದರಲ್ಲಿ 192.168 ಕಾಣಬಹುದು, ಅದು ಮನೆಯೊಳಗಿನದೇ ಎರಡನೇ ನ್ಯಾಟ್. ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ರೂಟರಿನ ಕೆಲಸ ಬಿಟ್ಟು ಸಂಪರ್ಕವನ್ನು ಮಾತ್ರ ದಾಟಿಸುವ ಸ್ಥಿತಿಗೆ ಹಾಕಿಸಿದರೆ ಅದೊಂದು ಹೋಗುತ್ತದೆ.

ಒಂದು ತೋಟದ ಕ್ಯಾಮರಾಕ್ಕೆ ಸ್ಟ್ಯಾಟಿಕ್ ಐಪಿಯ ಖರ್ಚು ಬೇಡ. ಈಗಿನ ಕ್ಯಾಮರಾಗಳು ತಯಾರಕರ ಸರ್ವರಿಗೆ ತಾವೇ ಒಳಗಿನಿಂದ ಜೋಡಣೆ ಮಾಡಿಕೊಳ್ಳುತ್ತವೆ, ನೀವು ಆ್ಯಪ್‌ನಲ್ಲಿ ನೋಡುತ್ತೀರಿ. ಕ್ಯಾಮರಾದ ಮೂಲ ಪಾಸ್‌ವರ್ಡ್ ಮಾತ್ರ ಅದೇ ದಿನ ಬದಲಿಸಿ. ಅಂಗಡಿ, ಸೊಸೈಟಿಯಂತಹ ಕಡೆ ಸ್ವಂತ ಸರ್ವರ್ ಇದ್ದರೆ ಸ್ಟ್ಯಾಟಿಕ್ ಐಪಿ ಸರಿ. ಐಪಿವಿ6 ಇದ್ದರೆ ಅಡ್ರೆಸ್‌ನ ಬರವೇ ಇಲ್ಲ. ಅದು 128 ಬಿಟ್‌ನದು, ಮನೆಯ ಒಂದೊಂದು ಸಾಧನಕ್ಕೂ ಬೇರೆ ಹೊರ ಅಡ್ರೆಸ್ ಸಿಗುತ್ತದೆ. ನಿಮ್ಮ ಕಂಪನಿ ಅದನ್ನು ಕೊಡುತ್ತದೆಯಾ ಎಂದು ರೂಟರಿನ ವ್ಯಾನ್ ಪುಟದಲ್ಲೇ ಕಾಣುತ್ತದೆ. ಆದರೆ ನೋಡುವ ಫೋನಿಗೂ ಐಪಿವಿ6 ಬೇಕು, ಹೊರಗಿನವರನ್ನು ತಡೆಯುವ ರೂಟರಿನ ಫೈರ್‌ವಾಲ್‌ನಲ್ಲಿ ಆ ಕ್ಯಾಮರಾಕ್ಕೆ ಮಾತ್ರ ದಾರಿ ಬಿಡಬೇಕು. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿದರೆ ಕ್ಯಾಮರಾದ ಜತೆಗೆ ಮನೆಯ ಪ್ರಿಂಟರ್, ಟಿವಿ ಎಲ್ಲವೂ ಹೊರಗಿನವರಿಗೆ ತೆರೆದುಕೊಳ್ಳುತ್ತವೆ.